ಪಲ್ಲವಿಯೇ ಇಲ್ಲದ 'ವಾರ್ ಪಿಗ್ಸ್' 55 ವರ್ಷ ಆದರೂ ಯಾಕೆ ಹಳತಾಗಿಲ್ಲ?

ಆರನೇ ತಂತಿ (ಚರ್ಚೆ ಶುರು ಮಾಡಿದವರು)

ಗೆಳೆಯರೇ, ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಒಬ್ಬರು ಕೇಳಿದ್ದರು. ಹೆವಿ ಮೆಟಲ್ ಸಂಗೀತ ಅಂದ್ರೆ ತಲೆಬುರುಡೆ, ಸೈತಾನ, ಕಿರುಚಾಟ. ಇದರಲ್ಲಿ ರಾಜಕೀಯ ಎಲ್ಲಿಂದ ಬಂತು ಅಂತ. ಒಳ್ಳೆಯ ಪ್ರಶ್ನೆ. ಎರಡು ಸಾಲಿನಲ್ಲಿ ಉತ್ತರ ಕೊಡುವುದು ಕಷ್ಟ, ಹಾಗಾಗಿ ಹೊಸ ಚರ್ಚೆ ತೆರೆದಿದ್ದೇನೆ. ಒಂದೇ ಹಾಡು ಹಿಡಿದುಕೊಂಡು ಮಾತಾಡೋಣ. ಬ್ಲ್ಯಾಕ್ ಸಬ್ಬತ್ ತಂಡದ 'ವಾರ್ ಪಿಗ್ಸ್', ಅಂದರೆ ಯುದ್ಧದ ಹಂದಿಗಳು.

1970ರ ಜೂನ್‌ನಲ್ಲಿ ಲಂಡನ್‌ನಲ್ಲಿ ರೆಕಾರ್ಡ್ ಆಯಿತು. ಸೆಪ್ಟೆಂಬರ್ 18ರಂದು 'ಪ್ಯಾರನಾಯ್ಡ್' ಆಲ್ಬಮ್‌ನ ಮೊದಲ ಹಾಡಾಗಿ ಹೊರಬಂತು. ಉದ್ದ ಹೆಚ್ಚು ಕಡಿಮೆ 8 ನಿಮಿಷ. ರೇಡಿಯೋದವರಿಗೆ ಬೇಕಾದದ್ದು ಯಾವುದೂ ಇದರಲ್ಲಿ ಇಲ್ಲ. ಮತ್ತೆ ಮತ್ತೆ ಬಂದು ಬಾಯಿಗೆ ಹತ್ತುವ ಪಲ್ಲವಿ ಇಲ್ಲ. ಶುರುವಿನಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಹಾಡುಗಾರ ಬಾಯಿಯನ್ನೇ ತೆರೆಯುವುದಿಲ್ಲ. ಆದರೂ ಜನ ಇದನ್ನು ಅಕ್ಷರ ಬಿಡದೆ ಹಾಡುತ್ತಾರೆ.

ತಂಡದ ನಾಲ್ವರೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಕಡೆಯವರು. ಗಿಟಾರ್ ನುಡಿಸುವ ಟೋನಿ ಐಯೋಮಿ, ಡ್ರಮ್ಸ್‌ನ ಬಿಲ್ ವಾರ್ಡ್, ಹಾಡುಗಾರ ಆಜಿ ಆಸ್ಬರ್ನ್ ಮೂವರೂ 1948ರಲ್ಲಿ ಹುಟ್ಟಿದವರು. ಬಾಸ್ ಗಿಟಾರಿನ ಗೀಜರ್ ಬಟ್ಲರ್ 1949. ಕಾರ್ಖಾನೆಗಳ ಊರು ಅಂತ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಆ ಊರಿನ ಮೇಲೆ ಸಿಕ್ಕಾಪಟ್ಟೆ ಬಾಂಬ್ ಸುರಿದಿದ್ದವು. ಇವರು ಆಟವಾಡುವ ವಯಸ್ಸಿಗೆ ಬಂದಾಗಲೂ ಮನೆ ಬಿದ್ದುಹೋದ ಜಾಗಗಳು ಹಾಗೇ ಇದ್ದವು. ಹಾಡಿನ ಶುರುವಿನಲ್ಲಿ ಒಂದು ಸೈರನ್ ಕೂಗುತ್ತದಲ್ಲ, ಅದು ಇವರ ಅಪ್ಪ ಅಮ್ಮಂದಿರು ನಿಜವಾಗಿ ಕೇಳಿ ಮಕ್ಕಳನ್ನು ಎತ್ತಿಕೊಂಡು ಓಡಿದ ಸದ್ದು.

ಇವರ ಮುಂದೆ ಇದ್ದ ದಾರಿ ಕಾರ್ಖಾನೆ ಒಂದೇ. ಆಜಿ ಕಸಾಯಿಖಾನೆಯಲ್ಲಿ ದುಡಿದರು, ಕಾರಿನ ಹಾರ್ನ್ ಸರಿಹೊಂದಿಸುವ ಕೆಲಸ ಮಾಡಿದರು. ಐಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿದ್ದರು. ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಗೈ ವಾದಕ, ತಂತಿ ಒತ್ತುವ ಕೈಯೇ ಅದು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮೇಲೆ ಚರ್ಮ ಅಂಟಿಸಿದರು. ಅದೇ ಕೈಯಲ್ಲಿ ನುಡಿಸಿದ ಹಾಡು ಇದು.

ನನ್ನ ವಾದ ಇಷ್ಟೇ. ಈ ಹಾಡಿನ ಸಿಟ್ಟು ಒಂದು ದೇಶದ ಮೇಲೋ ಒಂದು ಯುದ್ಧದ ಮೇಲೋ ನಿಂತಿಲ್ಲ. ಆಜ್ಞೆ ಕೊಡುವವನು ಒಬ್ಬ, ಹೋಗಿ ಸಾಯುವವನು ಇನ್ನೊಬ್ಬ. ಆ ಇನ್ನೊಬ್ಬ ಯಾವಾಗಲೂ ಬಡವನೇ ಯಾಕೆ ಅನ್ನುವುದು ಅದರ ಪ್ರಶ್ನೆ. ಬಡ ಬೀದಿಯ ಹುಡುಗರು ಕೇಳಿದ್ದರಿಂದಲೇ ಆ ಪ್ರಶ್ನೆಗೆ ತೂಕ ಬಂತು. ನಿಮ್ಮ ಅಭಿಪ್ರಾಯ ಹೇಳಿ.

ಕರಿ ತಟ್ಟೆ

ಒಳ್ಳೆಯ ಶುರು. ಹಾಡು ಹುಟ್ಟಿದ ಕಥೆಗೆ ನಾನು ಸ್ವಲ್ಪ ಸೇರಿಸುತ್ತೇನೆ.

ಆಲ್ಬಮ್ ಬರುವುದಕ್ಕೂ ಮುಂಚೆ ಈ ತಂಡ ಸ್ವಿಟ್ಜರ್ಲೆಂಡಿನ ಒಂದು ಕ್ಲಬ್‌ನಲ್ಲಿ ನುಡಿಸುತ್ತಿತ್ತು. ಒಂದೇ ದಿನದಲ್ಲಿ ಹಲವು ಸಲ ವೇದಿಕೆ ಹತ್ತಬೇಕು. ಕೈಯಲ್ಲಿದ್ದ ಹಾಡು ಕಡಿಮೆ. ಕೇಳುವವರೂ ಬೆರಳೆಣಿಕೆಯಷ್ಟು. ಹೊತ್ತು ತುಂಬಿಸಬೇಕಾದ್ದರಿಂದ ಇದ್ದ ಹಾಡುಗಳನ್ನೇ ಎಳೆದು, ನಡುವೆ ಮನಸ್ಸಿಗೆ ಬಂದದ್ದನ್ನು ನುಡಿಸುತ್ತಾ ಹೋದರು. 'ವಾರ್ ಪಿಗ್ಸ್'ನ ಮೂಲ ಎಳೆ ಸಿಕ್ಕಿದ್ದು ಅಲ್ಲಿ. ಅದಕ್ಕೇ ಅದರಲ್ಲಿ ಅಷ್ಟೊಂದು ಬೇರೆ ಬೇರೆ ಭಾಗಗಳಿವೆ. ಯಾರೋ ಮೇಜಿನ ಮುಂದೆ ಕೂತು ಲೆಕ್ಕ ಹಾಕಿ ಕಟ್ಟಿದ್ದಲ್ಲ.

ಸಾಹಿತ್ಯ ಬಾಸ್ ನುಡಿಸುವ ಬಟ್ಲರ್ ಅವರದ್ದು. ಮೊದಲು ಅದರ ಹೆಸರು 'ವಾಲ್ಪರ್ಗಿಸ್'. ಏಪ್ರಿಲ್ 30ರ ರಾತ್ರಿ ಮಾಟಗಾತಿಯರು ಸೇರುತ್ತಾರೆ ಅನ್ನುವ ಯುರೋಪಿನ ಹಳೆಯ ನಂಬಿಕೆ ಇದೆಯಲ್ಲ, ಆ ರಾತ್ರಿಯ ಹೆಸರು. ಬಟ್ಲರ್ ಮನಸ್ಸಿನಲ್ಲಿದ್ದದ್ದು ಯುದ್ಧವೇ ದೊಡ್ಡ ಸೈತಾನ ಅನ್ನುವ ವಿಚಾರ. ಆದರೆ ರೆಕಾರ್ಡ್ ಕಂಪನಿಯವರಿಗೆ ಭಯ. ಮೊದಲ ಆಲ್ಬಮ್‌ನಿಂದಲೇ ಇವರಿಗೆ ಮಾಟಮಂತ್ರದವರು ಅನ್ನುವ ಹೆಸರು ಬಿದ್ದಿತ್ತು. ಹೆಸರು ಬದಲಾಯಿತು, ಸಾಲುಗಳೂ ಬದಲಾದವು.

ಆಲ್ಬಮ್‌ಗೇ 'ವಾರ್ ಪಿಗ್ಸ್' ಅಂತ ಹೆಸರಿಡುವ ಯೋಚನೆ ಇತ್ತು. ನಂಬಿಕೆ ಬರದಿದ್ದರೆ ಹೊದಿಕೆಯ ಚಿತ್ರ ನೋಡಿ. ಮರದ ಮರೆಯಿಂದ ಒಬ್ಬ ಕತ್ತಿ, ಗುರಾಣಿ ಹಿಡಿದು ನುಗ್ಗುತ್ತಿದ್ದಾನೆ. 'ಪ್ಯಾರನಾಯ್ಡ್' ಅನ್ನುವ ಹೆಸರಿಗೂ ಆ ಚಿತ್ರಕ್ಕೂ ಏನು ಸಂಬಂಧ? ಆ ಹೆಸರಿನ ಚಿಕ್ಕ ಹಾಡನ್ನು ಆಲ್ಬಮ್‌ನಲ್ಲಿ ಜಾಗ ತುಂಬಿಸಲು ಗಡಿಬಿಡಿಯಲ್ಲಿ ಮಾಡಿದ್ದರು. ಬ್ರಿಟನ್ನಿನಲ್ಲಿ ಅದೇ 4ನೇ ಸ್ಥಾನಕ್ಕೆ ಏರಿತು. ಕಂಪನಿ ಅದರ ಹೆಸರನ್ನೇ ಆಲ್ಬಮ್‌ಗೆ ಇಟ್ಟಿತು, ಚಿತ್ರ ಮಾತ್ರ ಹಾಗೇ ಉಳಿಯಿತು. ವಿಯೆಟ್ನಾಂ ಯುದ್ಧದ ಪರ ಇದ್ದವರು ಗಲಾಟೆ ಮಾಡಬಹುದು ಅನ್ನುವ ಅಂಜಿಕೆಯೂ ಇತ್ತು ಅನ್ನುವ ಮಾತಿದೆ. ಹಾಡು ಗೆದ್ದದ್ದೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಆಲ್ಬಮ್ ಬ್ರಿಟನ್ನಿನಲ್ಲಿ 1ನೇ ಸ್ಥಾನಕ್ಕೇ ಹೋಯಿತು. ಅಲ್ಲಿ ಅವರಿಗೆ ಆ ಸ್ಥಾನ ಮತ್ತೆ ಸಿಕ್ಕಿದ್ದು 2013ರಲ್ಲಿ.

ಕಡಲ ತೀರದ ಕೇಳುಗ

ಎಲ್ಲ ಸರಿ ಮಾರಾಯ್ರೆ. ಆದರೆ ಒಂದು ತಕರಾರು ಇದೆ. ವಿಯೆಟ್ನಾಂ ಬಗ್ಗೆ ತಮಗೆ ಏನೂ ಗೊತ್ತಿರಲಿಲ್ಲ, ಅದೊಂದು ಯುದ್ಧವಿರೋಧಿ ಹಾಡು ಅಷ್ಟೇ ಅಂತ ಆಜಿಯೇ ಹೇಳಿದ್ದರು. ಬಟ್ಲರ್ ಮಾತ್ರ ಅದು ವಿಯೆಟ್ನಾಂ ವಿರುದ್ಧವೇ ಬರೆದದ್ದು ಅನ್ನುತ್ತಾರೆ. ಹಾಡಿದವರು ಒಂದು ಹೇಳಿ, ಬರೆದವರು ಇನ್ನೊಂದು ಹೇಳಿದರೆ ನಾವು ಯಾವುದನ್ನು ಹಿಡಿಯಬೇಕು? ಆಮೇಲೆ ಬ್ರಿಟನ್ ಆ ಯುದ್ಧಕ್ಕೆ ಸೈನ್ಯವನ್ನೇ ಕಳಿಸಿರಲಿಲ್ಲ. ಬೇರೆಯವರ ಯುದ್ಧದ ಮೇಲೆ ಇವರು ಹಾಡು ಕಟ್ಟಿದರು ಅಲ್ವಾ?

ಆರನೇ ತಂತಿ

ಇಬ್ಬರನ್ನೂ ನಂಬಬಹುದು. ಒಬ್ಬರು ಬರೆದರು, ಒಬ್ಬರು ಹಾಡಿದರು. ಹಾಡುವವರಿಗೆ ಪತ್ರಿಕೆ ಓದುವ ಅಭ್ಯಾಸ ಇರಲೇಬೇಕು ಅಂತೇನಿಲ್ಲ. ಆಜಿಗೆ ವಿಯೆಟ್ನಾಂ ಗೊತ್ತಿರಲಿಲ್ಲ ಅನ್ನೋಣ. ಮೇಲಿನವನು ಹೇಳಿದ್ದನ್ನು ಕೆಳಗಿನವನು ಮಾಡಬೇಕು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಅವರ ದನಿಯಲ್ಲಿ ಇರುವುದು ಅದೇ.

ಬ್ರಿಟನ್ ವಿಷಯಕ್ಕೆ ಬರೋಣ. ಪ್ರಧಾನಿ ಹೆರಾಲ್ಡ್ ವಿಲ್ಸನ್ ಸೈನ್ಯ ಕಳಿಸಲಿಲ್ಲ ಅನ್ನುವುದು ನಿಜ. ಅಲ್ಲಿ ಕಡ್ಡಾಯ ಸೈನ್ಯಸೇವೆಗೆ ಹೊಸಬರನ್ನು ಕರೆಯುವುದೂ 1960ರಲ್ಲೇ ನಿಂತಿತ್ತು. ಆದರೆ ಇವರಿಗಿಂತ ಹತ್ತು ವರ್ಷ ದೊಡ್ಡವರೆಲ್ಲ ಆ ಕರೆಗೆ ಹೋಗಿ ಬಂದವರೇ. ನಮ್ಮನ್ನೂ ಎಳೆದುಕೊಂಡು ಹೋಗಿಬಿಡುತ್ತಾರೆ ಅನ್ನುವ ಭಯ ಇತ್ತು ಅಂತ ಬಟ್ಲರ್ ಹೇಳಿದ್ದಾರೆ. ಕಾಲವನ್ನೂ ನೋಡಿ. ಅಮೆರಿಕದ ಸೈನಿಕರು ವಿಯೆಟ್ನಾಂನ ಹಳ್ಳಿಗರನ್ನು ಕೊಂದ ಮೈ ಲಾಯ್ ಹತ್ಯಾಕಾಂಡ ಹೊರಜಗತ್ತಿಗೆ ಗೊತ್ತಾಗಿದ್ದು 1969ರ ನವೆಂಬರ್‌ನಲ್ಲಿ. ಅಮೆರಿಕದಲ್ಲಿ ಹುಟ್ಟಿದ ದಿನಾಂಕದ ಚೀಟಿ ಎತ್ತಿ ಯಾರು ಮೊದಲು ಸೈನ್ಯಕ್ಕೆ ಹೋಗಬೇಕು ಅಂತ ತೀರ್ಮಾನಿಸಿದ್ದು ಡಿಸೆಂಬರ್ 1ರಂದು. ಅಲ್ಲಿನ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ಹೊತ್ತಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾಗಿದ್ದು 1970ರ ಮೇ 4ರಂದು. ಮರು ತಿಂಗಳು ಈ ಹಾಡು ರೆಕಾರ್ಡ್ ಆಯಿತು.

ಇನ್ನೊಂದು ವಿಷಯ. ಈ ತಂಡ ಅಮೆರಿಕದ ಸೈನಿಕ ನೆಲೆಗಳಲ್ಲಿ ನುಡಿಸಿತ್ತು. ವಿಯೆಟ್ನಾಂನಿಂದ ಮನೆಗೆ ಹೊರಟ ಹುಡುಗರು ಅಲ್ಲಿ ಸಿಗುತ್ತಿದ್ದರು. ಹೆರಾಯಿನ್ ಚಟ ಹತ್ತಿಸಿಕೊಂಡು ಬಂದವರ ಕಥೆ ಕೇಳಿ ಬಟ್ಲರ್ 'ಹ್ಯಾಂಡ್ ಆಫ್ ಡೂಮ್' ಬರೆದರು. ಅದೂ ಇದೇ ಆಲ್ಬಮ್‌ನಲ್ಲಿದೆ. 'ಎಲೆಕ್ಟ್ರಿಕ್ ಫ್ಯೂನರಲ್' ಅಣುಯುದ್ಧದ ಮೇಲಿನ ಹಾಡು. ಒಂದೇ ಆಲ್ಬಮ್‌ನಲ್ಲಿ ಮೂರು ಹಾಡು ಯುದ್ಧದ ಸುತ್ತ ಇರುವಾಗ ಇದನ್ನು ಆಕಸ್ಮಿಕ ಅನ್ನುವುದು ಹೇಗೆ?

ದಾವಣಗೆರೆ ಡ್ರಮ್ಸ್

ಯಾರೂ ಬಿಲ್ ವಾರ್ಡ್ ಬಗ್ಗೆ ಮಾತಾಡ್ತಿಲ್ಲವಲ್ಲ! ನಾನು ಡ್ರಮ್ಸ್ ನುಡಿಸುವವನು, ಹಾಗಾಗಿ ಹೇಳಲೇಬೇಕು. ಈ ಹಾಡಿನ ಅರ್ಧ ರಾಜಕೀಯ ಡ್ರಮ್ಸ್‌ನಲ್ಲೇ ಇದೆ.

ಶುರುವಿನ ಭಾಗ ನಿಧಾನ, ತೂಗಾಡುವ ಲಯ. ಮೂರು ಮೂರರ ಗುಂಪು. ಬ್ಲೂಸ್ ಕೇಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಅದರ ಮೇಲೆ ಸೈರನ್. ಆಮೇಲೆ ಎಲ್ಲ ನಿಂತುಬಿಡುತ್ತದೆ. ಹೈ-ಹ್ಯಾಟ್ (ಡ್ರಮ್ಸ್‌ನಲ್ಲಿ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ಒಂದೇ ಟಿಕ್ ಟಿಕ್ ಅನ್ನುತ್ತಿರುತ್ತದೆ. ಗಿಟಾರ್ ಮತ್ತು ಬಾಸ್ ಎರಡು ಪೆಟ್ಟು ಕೊಟ್ಟು ಸುಮ್ಮನಾಗುತ್ತವೆ. ಆ ಖಾಲಿ ಜಾಗದಲ್ಲಿ ಆಜಿ ಒಂದು ಸಾಲು ಹಾಡುತ್ತಾರೆ. ಮತ್ತೆ ಎರಡು ಪೆಟ್ಟು. ಮತ್ತೊಂದು ಸಾಲು.

ಮೆಟಲ್‌ನಲ್ಲಿ ಮಾತು ಕೇಳಿಸಲ್ಲ ಅಂತ ದೂರುವವರು ಇದನ್ನು ಕೇಳಬೇಕು. ದಳಪತಿಗಳ ಮೇಲೆ ಆರೋಪ ಹೊರಿಸುವಾಗ ವಾದ್ಯಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಒಂದು ಅಕ್ಷರವೂ ಮುಚ್ಚಿಹೋಗುವುದಿಲ್ಲ. ಸೈನ್ಯದ ಕವಾಯತಿನ ಡ್ರಮ್ಸ್ ಅಲ್ಲ ಇದು. ವಾರ್ಡ್ ಜೀನ್ ಕ್ರೂಪಾ ಅವರಂಥ ಜಾಝ್ ವಾದಕರನ್ನು ಕೇಳಿಕೊಂಡು ಬೆಳೆದವರು. ಕೈಯಲ್ಲಿ ಒಂದು ಸ್ವಿಂಗ್ ಇದೆ. ಈಗ ಎಷ್ಟೋ ತಂಡಗಳು ಈ ಹಾಡನ್ನು ಯಂತ್ರದ ಹಾಗೆ ನೆಟ್ಟಗೆ ನುಡಿಸುತ್ತವೆ, ಜೀವವೇ ಹೋಗಿಬಿಡುತ್ತದೆ. ಇದು ನನಗೆ ನಿಜಕ್ಕೂ ಬೇಜಾರು.

ಕರಿ ತಟ್ಟೆ

ಡ್ರಮ್ಸ್ ಅಣ್ಣ ಹೇಳಿದ್ದು ಸರಿ. ಕೊನೆಯ ವಾದ್ಯಭಾಗದ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಬಂದ ಆಲ್ಬಮ್‌ನಲ್ಲಿ ಆ ಭಾಗಕ್ಕೆ 'ಲ್ಯೂಕ್ಸ್ ವಾಲ್' ಅಂತ ಪ್ರತ್ಯೇಕ ಹೆಸರು ಕೊಟ್ಟಿದ್ದಾರೆ. ತಂಡದ ಜೊತೆ ಓಡಾಡಿ ಪೆಟ್ಟಿಗೆ ಹೊತ್ತ ಇಬ್ಬರು ಕೆಲಸಗಾರರ ಹೆಸರು ಸೇರಿಸಿ ಮಾಡಿದ್ದು. ಈ ಹಾಡಿಗೆ ಇದಕ್ಕಿಂತ ಒಪ್ಪುವ ಹೆಸರು ಇಲ್ಲ ಅನ್ನುತ್ತೇನೆ. ಕೊನೆಯಲ್ಲಿ ಹಾಡು ಇದ್ದಕ್ಕಿದ್ದಂತೆ ವೇಗ ಹಿಡಿದು ಕೀರಲಾಗಿ ನಿಂತುಹೋಗುತ್ತದಲ್ಲ, ಅದನ್ನು ತಂಡ ನುಡಿಸಿದ್ದಲ್ಲ. ನಿರ್ಮಾಪಕ ರೋಜರ್ ಬೈನ್ ಮತ್ತು ಎಂಜಿನಿಯರ್ ಟಾಮ್ ಆಲಮ್ ಟೇಪಿನ ವೇಗ ಏರಿಸಿ ಮಾಡಿದ್ದು. ತಂಡಕ್ಕೆ ಮೊದಲೇ ಹೇಳಿರಲೂ ಇಲ್ಲ.

ಗಿಟಾರ್ ಬಗ್ಗೆ ಇನ್ನೊಂದು. ಐಯೋಮಿ ಬೆರಳಿನ ನೋವಿಗೆ ತಂತಿ ಸಡಿಲ ಮಾಡಿದ್ದರಿಂದಲೇ ಈ ಹಾಡಿಗೆ ಭಾರ ಬಂತು ಅಂತ ಎಷ್ಟೋ ಕಡೆ ಬರೆಯುತ್ತಾರೆ. ತಂತಿ ಸಡಿಲಿಸಿ ಶ್ರುತಿ ಇಳಿಸಿದ್ದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ. 'ವಾರ್ ಪಿಗ್ಸ್' ಮಾಮೂಲಿ ಶ್ರುತಿಯಲ್ಲೇ ಇದೆ. ಗಿಬ್ಸನ್ ಎಸ್‌ಜಿ ಗಿಟಾರ್, ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದ ಲೇನಿ ಆಂಪ್ಲಿಫೈಯರ್, ಮತ್ತೆ ಬಾಸ್ ಗಿಟಾರ್ ಅದೇ ಸ್ವರವನ್ನು ಕೆಳಗಿನಿಂದ ಹಿಡಿದು ಎತ್ತುವುದು. ಭಾರ ಬಂದದ್ದು ಅಲ್ಲಿಂದ.

ಜೋಳದ ಹೊಲ

ನಾನು ಮೆಟಲ್ ಅಭಿಮಾನಿ ಅಲ್ಲ. ಆದರೆ ಯುದ್ಧವಿರೋಧಿ ಹಾಡುಗಳನ್ನು ಹುಡುಕಿ ಕೇಳುತ್ತೇನೆ. ಆದ್ದರಿಂದ ಸ್ವಲ್ಪ ಒರಟಾಗಿಯೇ ಕೇಳುತ್ತೇನೆ, ಬೇಸರ ಬೇಡ.

ಬಾಬ್ ಡಿಲನ್ 'ಮಾಸ್ಟರ್ಸ್ ಆಫ್ ವಾರ್' ಹಾಡಿದ್ದು 1963ರಲ್ಲಿ. ಶಸ್ತ್ರ ಮಾಡಿ ಮೇಜಿನ ಹಿಂದೆ ಅಡಗಿ ಕೂರುವವರನ್ನೇ ಅದು ಬೈಯುತ್ತದೆ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 'ಫಾರ್ಚುನೇಟ್ ಸನ್' 1969ರದ್ದು. ದೊಡ್ಡವರ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ, ನಮ್ಮಂಥವರು ಹೋಗುತ್ತೇವೆ ಅನ್ನುವುದನ್ನು ಎರಡೂವರೆ ನಿಮಿಷದೊಳಗೆ ಹೇಳಿ ಮುಗಿಸುತ್ತದೆ. ಅದನ್ನು ಬರೆದ ಜಾನ್ ಫೋಗರ್ಟಿ ಸ್ವತಃ ಸೈನ್ಯದ ಮೀಸಲು ಪಡೆಯಲ್ಲಿದ್ದವರು. ಎಡ್ವಿನ್ ಸ್ಟಾರ್ ಅವರ 'ವಾರ್' 1970ರಲ್ಲೇ ಅಮೆರಿಕದಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಇಷ್ಟೆಲ್ಲ ಆಗಲೇ ಇರುವಾಗ ಇದರಲ್ಲಿ ಹೊಸದು ಏನು? ಒಂದು ಕಡೆ ಕೆಟ್ಟ ಹಂದಿಗಳು, ಇನ್ನೊಂದು ಕಡೆ ಪಾಪದ ಬಡವರು. ಯುದ್ಧ ಅಷ್ಟು ಸರಳವಾ? ಇಷ್ಟಪಟ್ಟು ಹೋದ ಸೈನಿಕ ಇಲ್ಲವಾ?

ಆರನೇ ತಂತಿ

ಬೇಸರ ಏನಿಲ್ಲ, ಇದೇ ಬೇಕಿತ್ತು. ನೀವು ಹೇಳಿದ ಮೂರೂ ಹಾಡುಗಳು ನನಗೂ ಇಷ್ಟ. 'ಫಾರ್ಚುನೇಟ್ ಸನ್' ಬಡವನ ಬಾಯಿಂದಲೇ ಬರುವ ಹಾಡು, ಅದರಷ್ಟು ನೇರ ಇದು ಇಲ್ಲ ಅನ್ನುವುದನ್ನು ಒಪ್ಪುತ್ತೇನೆ.

ಆದರೆ ಇದರ ಕೊನೆಯ ಚರಣಕ್ಕೆ ಬನ್ನಿ. ಕತ್ತಲಾಗುತ್ತದೆ. ಜಗತ್ತು ನಿಲ್ಲುತ್ತದೆ. ತೀರ್ಪಿನ ದಿನ ಬರುತ್ತದೆ. ಇಷ್ಟು ದಿನ ಆಜ್ಞೆ ಕೊಟ್ಟವರು ಮೊಣಕಾಲೂರಿ ಕ್ಷಮೆ ಬೇಡುತ್ತಾರೆ. ಸೈತಾನ ನಗುತ್ತಾ ರೆಕ್ಕೆ ಬಿಚ್ಚುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಬೇರೆ ಹಾಡುಗಳು ಪ್ರತಿಭಟಿಸುತ್ತವೆ, ಇದು ಶಿಕ್ಷೆ ಕೊಡುತ್ತದೆ. ಬಟ್ಲರ್ ಐರಿಷ್ ಮೂಲದ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ಪಾಪ, ತೀರ್ಪು, ನರಕ ಇವೆಲ್ಲ ಅವರಿಗೆ ಚಿಕ್ಕಂದಿನಿಂದ ಗೊತ್ತಿದ್ದ ಮಾತು. ಸೈತಾನನ ಪೂಜೆ ಮಾಡುತ್ತಾರೆ ಅಂತ ಈ ತಂಡವನ್ನು ಬೈದವರು ಈ ಚರಣ ಕೇಳಿದ್ದರೆ, ಇದು ಚರ್ಚಿನ ಉಪದೇಶಕ್ಕೆ ಎಷ್ಟು ಹತ್ತಿರ ಅಂತ ಅವರಿಗೇ ಗೊತ್ತಾಗುತ್ತಿತ್ತು. ಮಾಟಗಾತಿಯರು ಮೊದಲ ಚರಣದಲ್ಲಿ ಈಗಲೂ ಇದ್ದಾರೆ, ಆದರೆ ಹೋಲಿಕೆಯಾಗಿ. ಸಭೆ ಸೇರುವವರು ದಳಪತಿಗಳು. ಕಂಪನಿ ಹೆದರಿ ಸಾಲು ಬದಲಿಸಲು ಹೇಳಿದ್ದು ಹಾಡಿಗೆ ಒಳ್ಳೆಯದನ್ನೇ ಮಾಡಿತು. ಯಾರ ಮೇಲೆ ಸಿಟ್ಟು ಅನ್ನುವುದು ಬಿಚ್ಚಿ ಹೇಳಿದ ಹಾಗಾಯಿತು.

ಸೈನಿಕನ ಮನಸ್ಸು ಇದರಲ್ಲಿ ಇಲ್ಲ ಅನ್ನುವುದು ನ್ಯಾಯವಾದ ಮಾತು. ಅವನು ಇಲ್ಲಿ ಚದುರಂಗದ ಕಾಯಿ ಅಷ್ಟೇ, ಆಡಿಸುವವರ ಕಣ್ಣಿನಲ್ಲಿ ಅವನು ಹಾಗೇ ಕಾಣುವುದು ಕೂಡ. ಆ ಮನಸ್ಸಿನೊಳಗೆ ಹೋಗಿದ್ದು ಮುಂದಿನ ಪೀಳಿಗೆ. ಅಮೆರಿಕದ ಮೆಟಾಲಿಕಾ ತಂಡ 1986ರಲ್ಲಿ 'ಡಿಸ್ಪೋಸಬಲ್ ಹೀರೋಸ್' ಮಾಡಿತು. ಎರಡು ವರ್ಷದ ನಂತರ 'ಒನ್'. ಕೈ, ಕಾಲು, ಕಣ್ಣು, ಮಾತು ಎಲ್ಲ ಕಳೆದುಕೊಂಡು ಆಸ್ಪತ್ರೆಯಲ್ಲಿ ಬಿದ್ದಿರುವ ಸೈನಿಕನೇ ಅಲ್ಲಿ ಮಾತಾಡುತ್ತಾನೆ. ದಾರಿ ತೆರೆದದ್ದು ಸಬ್ಬತ್.

ಸೀಳು ಸ್ಪೀಕರ್

ಮುಂದಿನವರ ಮಾತು ಬಂತಲ್ಲ, ಸಿಸ್ಟಮ್ ಆಫ್ ಎ ಡೌನ್ ತಂಡವನ್ನು ಬಿಡಬೇಡಿ. ಇರಾಕ್ ಯುದ್ಧದ ಹೊತ್ತಿನಲ್ಲಿ, 2005ರಲ್ಲಿ, ಅವರ 'ಬಿ.ವೈ.ಓ.ಬಿ.' ಹಾಡು ಬಂತು. ಅಧ್ಯಕ್ಷರೇ ಯಾಕೆ ಯುದ್ಧಕ್ಕೆ ಹೋಗುವುದಿಲ್ಲ, ಯಾವಾಗಲೂ ಬಡವರನ್ನೇ ಯಾಕೆ ಕಳಿಸುತ್ತಾರೆ ಅಂತ ಅದು ಕೇಳುತ್ತದೆ. 35 ವರ್ಷದ ನಂತರ ಅದೇ ಪ್ರಶ್ನೆ, ಇನ್ನೂ ಜೋರಾಗಿ.

'ವಾರ್ ಪಿಗ್ಸ್' ಅನ್ನೇ ಹಾಡಿದವರ ಪಟ್ಟಿಯೂ ದೊಡ್ಡದು. ಸೇಕ್ರೆಡ್ ರೈಕ್ 1988ರಲ್ಲಿ, ಫೇತ್ ನೋ ಮೋರ್ 1989ರಲ್ಲಿ. ಕೇಕ್ ತಂಡವೂ ಹಾಡಿದೆ. ನನಗೆ ತುಂಬಾ ಹಿಡಿಸಿದ್ದು ಟಿ-ಪೇನ್ ಹಾಡಿದ್ದು, 2023ರಲ್ಲಿ. ರ್‍ಯಾಪ್ ಮತ್ತು ಆರ್ ಅಂಡ್ ಬಿ ಕಡೆಯವರು, ದನಿಗೆ ಯಂತ್ರ ಹಾಕಿ ಹಾಡುತ್ತಾರೆ ಅಂತಲೇ ಹೆಸರಾದವರು. ಇದನ್ನು ತಮ್ಮ ಬರೀ ಗಂಟಲಿನಿಂದ ಹಾಡಿದರು. ತಾನು ಕೇಳಿದ ಅತ್ಯುತ್ತಮ 'ವಾರ್ ಪಿಗ್ಸ್' ಇದು ಅಂತ ಆಜಿಯೇ ಮೆಚ್ಚಿದರು. ಡ್ರಮ್ಸ್ ಅಣ್ಣ ಹೇಳಿದ ಆ ಖಾಲಿ ಜಾಗ ಇದೆಯಲ್ಲ, ಅದರಲ್ಲಿ ಯಾವ ಗಂಟಲು ಬೇಕಾದರೂ ನಿಲ್ಲುತ್ತದೆ.

ನಮ್ಮ ಕಡೆಗೆ ಬಂದರೆ, ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ 2007ರಲ್ಲಿ ಬಂತು, ಮೆಟಾಲಿಕಾ 2011ರಲ್ಲಿ. ಅಲ್ಲಿ ಸೇರಿದ್ದವರಲ್ಲಿ ಎಷ್ಟೋ ಜನ ಗಿಟಾರ್ ಹಿಡಿದಾಗ ಮೊದಲು ಕಲಿತದ್ದು ಐಯೋಮಿಯ ಪಟ್ಟುಗಳನ್ನೇ. ನಾನೂ ಅವರಲ್ಲಿ ಒಬ್ಬ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಇದೇ ಊರಿನಲ್ಲಿ, ಆದ್ದರಿಂದ ಇಲ್ಲಿಯ ಮಾತು ಹೇಳುತ್ತೇನೆ.

2025ರ ಜುಲೈ 5ರಂದು ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಅವರ ಕೊನೆಯ ಕಾರ್ಯಕ್ರಮ ನಡೆಯಿತು. ವಿಲ್ಲಾ ಪಾರ್ಕ್ ಇರುವುದು ಆಸ್ಟನ್‌ನಲ್ಲೇ, ಆಜಿ ಬೆಳೆದ ಮನೆಗೆ ಹತ್ತಿರದಲ್ಲಿ. ನಾಲ್ವರೂ ಒಟ್ಟಿಗೆ ನುಡಿಸಿ 20 ವರ್ಷ ಆಗಿತ್ತು. ಆಜಿಗೆ ಪಾರ್ಕಿನ್ಸನ್ ಕಾಯಿಲೆ, ನಿಲ್ಲಲು ಆಗುತ್ತಿರಲಿಲ್ಲ. ಕಪ್ಪು ಸಿಂಹಾಸನದ ಮೇಲೆ ಕೂತೇ ಹಾಡಿದರು. ಸಬ್ಬತ್ ನುಡಿಸಿದ್ದು ನಾಲ್ಕೇ ಹಾಡು. ಮೊದಲನೆಯದೇ 'ವಾರ್ ಪಿಗ್ಸ್'. ಬಂದ ಹಣ ಪಾರ್ಕಿನ್ಸನ್ ಸಂಶೋಧನೆಗೆ, ಇಲ್ಲಿಯ ಮಕ್ಕಳ ಆಸ್ಪತ್ರೆಗೆ ಮತ್ತು ಮಕ್ಕಳ ಆರೈಕೆ ಕೇಂದ್ರಕ್ಕೆ ಅಂತ ಮೊದಲೇ ಹೇಳಿದ್ದರು. ಜುಲೈ 22ರಂದು ಆಜಿ ತೀರಿಕೊಂಡರು.

ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲುವೆಯ ಮೇಲಿರುವ ಸೇತುವೆಗೆ ತಂಡದ ಹೆಸರಿಟ್ಟಿದ್ದಾರೆ. ನಾಲ್ವರ ಮುಖಗಳಿರುವ ಬೆಂಚು ಅಲ್ಲಿದೆ, 2019ರಿಂದ. ಆ ವಾರ ಬೆಂಚೇ ಕಾಣದ ಹಾಗೆ ಹೂವು ತುಂಬಿತ್ತು. ಅಂತಿಮ ಯಾತ್ರೆಯೂ ಆ ದಾರಿಯಲ್ಲೇ ಬಂತು.

ಆರನೇ ತಂತಿ ಅವರು ಬಡ ಬೀದಿಯ ಹುಡುಗರು ಅಂದರಲ್ಲ, ಈ ಊರು ಅವರನ್ನು ಪ್ರೀತಿಸುವುದು ಅದಕ್ಕೇ. ಲಿವರ್‌ಪೂಲ್‌ಗೆ ಬೀಟಲ್ಸ್ ಇದ್ದರು, ಲಂಡನ್‌ಗೆ ಎಲ್ಲವೂ ಇತ್ತು. ಕಾರ್ಖಾನೆ ಒಂದೊಂದಾಗಿ ಮುಚ್ಚಿದ ಮೇಲೆ ಈ ಊರಿನವರಿಗೆ ನಮ್ಮದು ಅಂತ ಎದೆ ತಟ್ಟಿ ಹೇಳಿಕೊಳ್ಳಲು ಉಳಿದದ್ದರಲ್ಲಿ ಈ ಸಂಗೀತ ದೊಡ್ಡದು.

ಜೋಳದ ಹೊಲ

ಧನ್ಯವಾದ ಅಕ್ಕಾ. ಕೊನೆಯ ಚರಣವನ್ನು ಆ ದೃಷ್ಟಿಯಿಂದ ಮತ್ತೆ ಕೇಳಿದೆ. ತೀರ್ಪು ಕೊಡುವುದು ಅನ್ನುವ ಮಾತು ಒಪ್ಪಿಗೆಯಾಯಿತು. ಸೈನಿಕನ ಬಗ್ಗೆ ನನ್ನ ತಕರಾರು ಮಾತ್ರ ಹಾಗೇ ಇದೆ. ಒಂದು ಸಹಾಯ ಮಾಡಿ. ಆ ಹಳೆಯ 'ವಾಲ್ಪರ್ಗಿಸ್' ಸಾಲುಗಳು ಎಲ್ಲಾದರೂ ಕೇಳಲು ಸಿಗುತ್ತವಾ?

ಕರಿ ತಟ್ಟೆ

ಸಿಗುತ್ತವೆ. 1970ರ ಏಪ್ರಿಲ್‌ನಲ್ಲಿ ಬಿಬಿಸಿ ರೇಡಿಯೋದ ಜಾನ್ ಪೀಲ್ ಕಾರ್ಯಕ್ರಮಕ್ಕೆ ತಂಡ ಅದನ್ನು ನುಡಿಸಿತ್ತು. ಆಜಿಯ 1997ರ 'ದಿ ಆಜ್‌ಮನ್ ಕಮೆಥ್' ಸಂಕಲನದಲ್ಲಿ ಅದು ಸೇರಿದೆ. ಹೆಸರು 'ವಾರ್ ಪಿಗ್ಸ್' ಅಂತಲೇ ಇರುತ್ತದೆ, ಸಾಲುಗಳು ಬೇರೆ. ಮೊದಲು ಅದನ್ನು ಕೇಳಿ, ತಕ್ಷಣ ಆಲ್ಬಮ್‌ನ ಹಾಡು ಹಾಕಿ. ಎರಡೇ ತಿಂಗಳಲ್ಲಿ ಏನು ಬದಲಾಯಿತು ಅಂತ ಬಂದು ಇಲ್ಲೇ ಬರೆಯಿರಿ.